ಎರಡು–ಹತ್ತು ಎಂದು ನಾನು ಓದಿದ ಹೊಲ

ನಮ್ಮ ಮನೆಯಲ್ಲಿ ಒಂದು ಅಳತೆಯ ಮಾತನ್ನು ಇನ್ನೊಂದು ಅಳತೆ ಕೇಳುತ್ತಿರಲಿಲ್ಲ. ಡೇರಿಗೆ ಹಾಲು ಲೀಟರಿನಲ್ಲಿ ಹೋಗುತ್ತಿತ್ತು, ಅದೇ ಎಮ್ಮೆಯ ಹಾಲನ್ನು ಅವ್ವ ಪಕ್ಕದ ಮನೆಯವರಿಗೆ ಸೇರಿನಲ್ಲಿ ಕೊಡುತ್ತಿದ್ದಳು. ಕಬ್ಬನ್ನು ಟನ್ನಿನಲ್ಲಿ ತೂಗುತ್ತಿದ್ದರು, ಆ ಕಬ್ಬಿಗೆ ನೀರು ತರುವ ಪೈಪು ಇಂಚಿನ ಲೆಕ್ಕದಲ್ಲಿ ಬರುತ್ತಿತ್ತು. ನಿಪ್ಪಾಣಿಯ ಬಟ್ಟೆ ಅಂಗಡಿಯವನು ಮೀಟರಿನ ಕಬ್ಬಿಣದ ಪಟ್ಟಿ ಹಿಡಿದು ಕೂತಿದ್ದರೆ, ಅವ್ವ ಅವನೆದುರು ನಿಂತು "ಎರಡೂವರಿ ವಾರ ಹರೀರಿ" ಎನ್ನುತ್ತಿದ್ದಳು. ಅವನು ಮರುಮಾತಿಲ್ಲದೆ ಮನಸ್ಸಿನಲ್ಲೇ ಏನೋ ಕೂಡಿ ಕಳೆದು ಕತ್ತರಿ ಹಾಕುತ್ತಿದ್ದ. ಜ್ವರ ಬಂದರೆ ಡಾಕ್ಟರು ನೂರಾ ಎರಡು, ನೂರಾ ಮೂರು ಎನ್ನುತ್ತಿದ್ದರು. ನನ್ನ ವಿಜ್ಞಾನದ ಪುಸ್ತಕದ ಪ್ರಕಾರ ಅಷ್ಟು ಉಷ್ಣತೆಯಲ್ಲಿ ನಾವು ಮನೆಮಂದಿಯೆಲ್ಲ ಕುದಿಯಬೇಕಿತ್ತು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ನನಗೆ ಶಾಲೆಯಲ್ಲಿ ಕಲಿಸಿದ್ದು ಮೀಟರು, ಗ್ರಾಂ, ಲೀಟರು. ಎಲ್ಲವೂ ಹತ್ತರಿಂದ ಏರುತ್ತವೆ, ಹತ್ತರಿಂದ ಇಳಿಯುತ್ತವೆ, ಎಲ್ಲೂ ಶೇಷ ಉಳಿಯುವುದಿಲ್ಲ. ಹನ್ನೆರಡು ಇಂಚಿಗೊಂದು ಫೂಟು, ಮೂರು ಫೂಟಿಗೊಂದು ವಾರ, ನಲವತ್ತು ಗುಂಟೆಗೊಂದು ಎಕರೆ ಎಂಬ ಲೆಕ್ಕಗಳೆಲ್ಲ ನನಗೆ ಮನೆಯ ಹಿತ್ತಲಲ್ಲಿ ಬಿದ್ದ ಹಳೆಯ ಕಬ್ಬಿಣದ ಸಾಮಾನಿನಂತೆ ಕಾಣುತ್ತಿದ್ದವು. ಯಾರಾದರೂ ಮೈಲು ಎಂದರೆ ಕಿಲೋಮೀಟರು ಎಂದು ತಿದ್ದುತ್ತಿದ್ದೆ, ತೊಲ ಎಂದರೆ ಗ್ರಾಂ ಎನ್ನುತ್ತಿದ್ದೆ. ನನ್ನ ಬಾಯಿಗೆ ಹೆದರಿ ಅಕ್ಕ ನನ್ನೆದುರು ಅಳತೆಯ ಮಾತನ್ನೇ ಆಡುತ್ತಿರಲಿಲ್ಲ.

ಹೆದರದವಳು ಒಬ್ಬಳೇ ಇದ್ದಳು, ನಮ್ಮ ಅತ್ತೆ. ಅಪ್ಪನ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ಬೇಡಕಿಹಾಳದ ಹತ್ತಿರದ ನಮ್ಮೂರಿಂದ ದೂಧಗಂಗೆ ದಾಟಿದರೆ ಮಹಾರಾಷ್ಟ್ರ. ಅವಳನ್ನು ಕೊಟ್ಟದ್ದು ಆಚೆಯ ದಂಡೆಯ ಒಂದು ಊರಿಗೆ. ನಮ್ಮ ಕಡೆ ಇದು ದೊಡ್ಡ ಮಾತಲ್ಲ. ಇಲ್ಲಿಯ ಹೆಣ್ಣು ಅಲ್ಲಿ, ಅಲ್ಲಿಯ ಹೆಣ್ಣು ಇಲ್ಲಿ, ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಮರಾಠಿ. ಅತ್ತೆ ತನ್ನ ಊರು "ಇಲ್ಲಿಂದ ಎರಡ ಹರದಾರಿ" ಎನ್ನುತ್ತಿದ್ದಳು. ಹತ್ತು ಕಿಲೋಮೀಟರು ಎಂದು ನಾನು ತಿದ್ದಿದರೆ ಅವಳು ನನ್ನ ಗಲ್ಲ ಹಿಂಡಿ, "ನಿನ್ನ ಕಿಲೋಮೀಟರಲೇ ನಡದ್ರ ಲಗೂನ ಮುಟ್ಟತೀನೇನ?" ಎಂದು ಕೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನು ಬಣ್ಣ ನೋಡಿ ಗುರುತಿಸುತ್ತಿದ್ದಳು.

ಅಪ್ಪ ಸಿಡುಕಿನ ಮನುಷ್ಯ. ಅವನು ಮಾತಾಡಿದರೆ ಎತ್ತುಗಳು ಕೂಡ ಕಿವಿ ನಿಮಿರಿಸುತ್ತಿದ್ದವು. ಆದರೆ ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಅವನೇ ಹೋಗಿ ತಂಗಿಯನ್ನು ಕರೆದುಕೊಂಡು ಬರುತ್ತಿದ್ದ, ಮೊದಮೊದಲು ಚಕ್ಕಡಿ ಗಾಡಿಯಲ್ಲಿ, ಆಮೇಲಿನ ವರ್ಷಗಳಲ್ಲಿ ಬಸ್ಸಿನಲ್ಲಿ. ಅವಳು ಇರುತ್ತಿದ್ದ ಆ ಎಂಟು ದಿನ ಮನೆಯಲ್ಲಿ ಬೇರೆಯೇ ಒಬ್ಬ ಅಪ್ಪ ಓಡಾಡುತ್ತಿದ್ದ. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದ. ತಂಗಿ ಕಟ್ಟಿದ ಶೇಂಗಾ ಉಂಡಿ ಗಟ್ಟಿಯಾಗಿದೆ ಎಂದು ಕಾಡುತ್ತಿದ್ದ, ಅವಳು ಎಸೆದರೆ ಹಿಡಿದು ತಿನ್ನುತ್ತಿದ್ದ. ಅಪ್ಪ ಬಾಯಿ ತುಂಬ ನಕ್ಕಿದ್ದನ್ನು ನಾನು ಆ ದಿನಗಳಲ್ಲಿ ಮಾತ್ರ ನೋಡಿದ್ದೇನೆ. ಅವ್ವ ಕೂಡ ಮಾಡಿಸಬೇಕಾದ ಕೆಲಸಗಳನ್ನೆಲ್ಲ ಆ ಎಂಟು ದಿನಕ್ಕೆಂದು ಎತ್ತಿಟ್ಟುಕೊಂಡು, ಅತ್ತೆಯ ಬಾಯಿಂದ ಅಪ್ಪನಿಗೆ ಹೇಳಿಸುತ್ತಿದ್ದಳು.

ಎಂಬತ್ತರ ದಶಕದ ನಡುವೆ, ನಾನು ಹತ್ತನೆಯ ಇಯತ್ತೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದ ವರ್ಷ, ಅತ್ತೆ ಅಕ್ಕನಿಗೆ ಒಂದು ಸಂಬಂಧ ತಂದಳು. ಹುಡುಗ ಅವಳ ಗಂಡನ ಭಾವಕಿಯವನು, ಅಂದರೆ ಅದೇ ಮನೆತನದ ಇನ್ನೊಂದು ಕವಲು. ದುಡಿಯುವ ಹುಡುಗ, ಚಟ ಇಲ್ಲ, ಐದು ಎಕರೆಗೆ ಸ್ವಲ್ಪ ಮೇಲೆಯೇ ಹೊಲವಿದೆ ಎಂದು ಹೇಳಿದಳು. ಐದು ಎಕರೆ ಎಂದ ಕೂಡಲೇ ಅಪ್ಪನ ಮುಖ ಸಡಿಲಾಯಿತು. ಅವನ ಮಟ್ಟಿಗೆ ಮಗಳನ್ನು ಕೊಡುವ ಮನೆಗೆ ಐದು ಎಕರೆ ಎಂಬುದು ಹೊಸ್ತಿಲು. ಅದಕ್ಕಿಂತ ಕಡಿಮೆ ಇದ್ದವರ ಜೊತೆ ಅವನು ಮಾತನ್ನೇ ಮುಂದುವರಿಸುತ್ತಿರಲಿಲ್ಲ.

ನಮ್ಮ ಕಡೆ ಇನ್ನೊಂದು ಪದ್ಧತಿ ಇತ್ತು, ಈಗಲೂ ಇದೆ. ಹೆಣ್ಣು ತೋರಿಸುವ ಮೊದಲು ಗಂಡಿನವರ ಹೊಲದ ಉತಾರ ತರಿಸಿ ನೋಡುವುದು. ಹೊಲ ಯಾರ ಹೆಸರಿನಲ್ಲಿದೆ, ಎಷ್ಟಿದೆ ಎಂದು ಬರೆದ ಸರಕಾರಿ ಕಾಗದ ಅದು. ಜಾತಕ ನೋಡದೆ ಮದುವೆ ಮಾಡಿದವರುಂಟು, ಉತಾರ ನೋಡದೆ ಮಾಡಿದವರನ್ನು ನಾನು ಕಂಡಿಲ್ಲ. ಒಂದು ಮುಂಜಾನೆ ಅತ್ತೆ ಸೆರಗಿನ ತುದಿಯಲ್ಲಿ ಆ ಕಾಗದ ಕಟ್ಟಿಕೊಂಡು ಬಂದು ಅಪ್ಪನ ಕೈಗೆ ಕೊಟ್ಟಳು. ಆಚೆಯ ದಂಡೆಯದಾದ್ದರಿಂದ ಎಲ್ಲ ಮರಾಠಿಯಲ್ಲಿತ್ತು. ಅಪ್ಪನಿಗೆ ಮರಾಠಿ ಮಾತು ನೀರು ಕುಡಿದಂತೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಊರಲ್ಲಿ ಹಳೆಯ ಕಾಲದಲ್ಲಿ ಮರಾಠಿ ಶಾಲೆ ಕಲಿತವರು ಇದ್ದರು, ಅವರಲ್ಲಿ ಒಬ್ಬರಿಗೆ ತೋರಿಸೋಣ ಎಂದು ಅವ್ವ ಅಂದಳು.

"ಫಸ್ಟ್ ಕ್ಲಾಸ ಪಾಸಾದ ಮಗಳ ಮನ್ಯಾಗ ಇದ್ದಾಗ ಮಂದಿ ಕೈಗೆ ಯಾಕ ಕೊಡ್ಲಿ?" ಎಂದ ಅಪ್ಪ, ಕಾಗದವನ್ನು ನನ್ನ ಕಡೆ ಚಾಚಿದ.

ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ, ಕಾಗದ ತೆಗೆದುಕೊಳ್ಳುವ ಮೊದಲು ಕೈ ತೊಳೆದುಕೊಂಡು ಬಂದೆ. ಹಿಂದಿ ಕಲಿತಿದ್ದರಿಂದ ಅಕ್ಷರ ಅಂಕಿ ಎರಡೂ ನನಗೆ ಗೊತ್ತಿದ್ದವು. ಹೆಸರು ಓದಿದೆ, ಹೊಲದ ಗಟ್ಟು ನಂಬರು ಓದಿದೆ. ವಿಸ್ತೀರ್ಣ ಬರೆಯುವ ಕ್ಷೇತ್ರ ಎಂಬ ಖಾನೆಗೆ ಬಂದೆ. ಅಲ್ಲಿ ಊರ ಲೆಕ್ಕ ಬರೆಯುವ ತಲಾಠಿ ಕೈಬರಹದಲ್ಲಿ ಎರಡು, ಒಂದು ಸಣ್ಣ ಗೀಟು, ಹತ್ತು ಎಂದು ಬರೆದಿದ್ದ. ಅದರ ಮೇಲೆ ಇರುವೆಯಷ್ಟು ಚಿಕ್ಕದಾಗಿ 'ಹೇ. ಆರ.' ಎಂದಿತ್ತು. ಅದೇನೆಂದು ನನಗೆ ತಿಳಿಯಲಿಲ್ಲ. ಇದನ್ನು ಇವತ್ತು ಸ್ಪಷ್ಟವಾಗಿ ಹೇಳಬೇಕು: ನಾನು ಆ ಅಕ್ಷರಗಳನ್ನು ನೋಡದೆ ಬಿಟ್ಟಿದ್ದಲ್ಲ. ನೋಡಿದೆ, ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಅಪ್ಪ ಈಗ ತಾನೇ ನನ್ನನ್ನು ಹಾಗೆ ಹೊಗಳಿದ್ದ. ಹೊಲ ಎಂದ ಮೇಲೆ ಎಕರೆ ಗುಂಟೆಯಲ್ಲದೆ ಇನ್ನೇನಿರುತ್ತದೆ ಎಂದುಕೊಂಡು ಅವುಗಳ ಮೇಲಿಂದ ಹಾರಿ ಕೆಳಗಿಳಿದೆ.

"ಎರಡ ಎಕರೆ ಹತ್ತ ಗುಂಟೆ" ಎಂದೆ.

ಅಪ್ಪ ಇನ್ನೊಮ್ಮೆ ಓದು ಎಂದ. ಓದಿದೆ. ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅದು ಎರಡು–ಅರವತ್ತು ಎಂದಿದ್ದರೆ ಅಪ್ಪನಿಗೇ ಅನುಮಾನ ಬರುತ್ತಿತ್ತು, ಏಕೆಂದರೆ ನಲವತ್ತು ಗುಂಟೆ ದಾಟಿದರೆ ಎಕರೆಯಾಗಬೇಕು. ಹತ್ತು ಎಂಬುದು ಗುಂಟೆಯ ಜಾಗದಲ್ಲಿ ಸುಮ್ಮನೆ ಕೂತುಬಿಟ್ಟಿತು. ಅವನು ಕಾಗದ ಮಡಚಿ ತಂಗಿಯ ಮುಂದಿಟ್ಟ.

"ಐದ ಎಕರೆ ಅಂದಿದ್ದಿ."

"ಐದ ಐತಿ ಅಣ್ಣಾ. ಮ್ಯಾಲ ಸ್ವಲ್ಪ ಐತಿ" ಎಂದಳು ಅತ್ತೆ. "ನಾ ಹತ್ತ ವರ್ಷದಿಂದ ಆ ಹೊಲದಾಗ ಕಳೆ ತಗ್ಯಾಕ ಮುಯ್ಯಾಳಾಗಿ ಹೋಗೇನಿ. ಶೇಂಗಾ ಕಳಿಗೆ ಐವತ್ತ ಹೆಣ್ಣಾಳ ಹಿಡೀತಾವ. ಎರಡ ಎಕರೆಕ್ಕ ಐವತ್ತ ಆಳ ಹಿಡೀತಾವೇನು?"

"ಕಾಗದದ ಮ್ಯಾಲ ಸರಕಾರದ ಶಿಕ್ಕಾ ಐತಿ. ನಿನ್ನ ಆಳಿನ ಲೆಕ್ಕ ನಾ ಏನ ಮಾಡ್ಲಿ?"

"ಹಂಗಾರ ಕಾಗದದಾಗ ಏನೋ ತಪ್ಪ ಐತಿ."

ಕಾಗದದಲ್ಲಿ ತಪ್ಪಿದೆ ಎಂದರೆ ನನ್ನ ಓದಿನಲ್ಲಿ ತಪ್ಪಿದೆ ಎಂದ ಹಾಗೆ ನನಗೆ ಕೇಳಿಸಿತು. "ಕಾಗದ ಸುಳ್ಳ ಹೇಳಂಗಿಲ್ಲ, ಅತ್ತಿ" ಎಂದು ನಡುವೆ ಬಾಯಿ ಹಾಕಿದೆ. ಹದಿನಾರು ವರ್ಷದ ಹುಡುಗಿ ಹೇಳಬಾರದ ಮಾತೇನಲ್ಲ ಅದು. ಆದರೆ ಅಪ್ಪ ಅದನ್ನು ಎತ್ತಿಕೊಂಡ. ಕಾಗದ ಸುಳ್ಳು ಹೇಳುವುದಿಲ್ಲ ಎಂದರೆ ಹೇಳಿದವರು ಬೇರೆ ಯಾರೋ ಆಗಬೇಕಲ್ಲ. ಗಂಡನ ಮನೆಯವರ ಸಲುವಾಗಿ ಅಣ್ಣನ ಮಗಳನ್ನು ಎರಡು ಎಕರೆಯ ಮನೆಗೆ ತಳ್ಳಲು ಬಂದೆಯಾ ಎಂದು ಕೇಳಿದ. ತವರಿನ ಅನ್ನ ತಿಂದು ಬೆಳೆದವಳು ಎಂದೂ ಅಂದ. ಅತ್ತೆ ಅಣ್ಣನ ಮುಖವನ್ನೇ ನೋಡುತ್ತ ನಿಂತಿದ್ದಳು, ಅವನು ಗೋಡೆ ನೋಡುತ್ತ ಮಾತಾಡುತ್ತಿದ್ದ. ಆಮೇಲೆ ಕಾಗದವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಉಂಡು ಹೋಗು ಎಂದು ತಡೆದಳು. ಅವಳು ಉಣ್ಣದೆ ಹೋದಳು.

ಆ ವರ್ಷ ಪಂಚಮಿಗೆ ಅಪ್ಪ ಕರೆಯಲು ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಎದ್ದು ಹೊಲಕ್ಕೆ ಹೋದರೆ ಹೊತ್ತು ಮುಳುಗುವ ಹೊತ್ತಿಗೆ ಬರುತ್ತಿದ್ದ. ಜೋಕಾಲಿಯ ಹಗ್ಗ ಅಟ್ಟದಲ್ಲಿತ್ತು. ಅಕ್ಕನಾಗಲಿ ನಾನಾಗಲಿ ಅದನ್ನು ಕಟ್ಟು ಎಂದು ಕೇಳಲಿಲ್ಲ. ಒಮ್ಮೆ ಅವ್ವ ಅಪ್ಪನಿಗೆ ಗೊತ್ತಿಲ್ಲದಂತೆ ಡಬ್ಬಿಯಲ್ಲಿ ಉಂಡಿ ತುಂಬಿ ಆಚೆ ದಂಡೆಗೆ ಹೋಗುವವರ ಕೈಯಲ್ಲಿ ಕಳಿಸಿದಳು. ಡಬ್ಬಿ ಬರಿದಾಗಿ ಬರಲಿಲ್ಲ, ಅತ್ತೆಯ ಉಂಡಿ ತುಂಬಿಕೊಂಡು ಬಂತು. ಅವ್ವ ಅದನ್ನು ತಾಟಿನಲ್ಲಿಟ್ಟಾಗ ಅಪ್ಪ ಒಂದನ್ನು ಕಚ್ಚಿ ನೋಡಿ ಎದ್ದು ಹೋದ. ಯಾರ ಕೈಯದು ಎಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ.

ಅಕ್ಕನಿಗೆ ಏನೂ ನಷ್ಟವಾಗಲಿಲ್ಲ, ಅದನ್ನೂ ಹೇಳಬೇಕು. ಮರುವರ್ಷ ಹಾರೂಗೇರಿ ಕಡೆಯ ಒಳ್ಳೆಯ ಮನೆಗೆ ಹೋದಳು. ಆಚೆ ದಂಡೆಯ ಹುಡುಗನನ್ನು ಅವಳು ನೋಡಿಯೇ ಇರಲಿಲ್ಲವಾದ್ದರಿಂದ ಅವನು ಅವಳಿಗೆ ಒಂದು ಹೆಸರು ಮಾತ್ರ. ಅವಳ ಮದುವೆಗೆ ಅತ್ತೆ ಬಂದಳು, ಬರದಿದ್ದರೆ ಜನ ಕೇಳುತ್ತಾರೆ ಎಂಬ ಕಾರಣಕ್ಕೆ. ಹಂದರದ ಕಂಬದ ಪಕ್ಕ ಪರ ಊರಿನ ಹೆಂಗಸಿನಂತೆ ನಿಂತು ಅಕ್ಷತೆ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೋದಳು. ಮದುಮಗಳಿಗೆ ಅರಿಸಿನ ಹಚ್ಚಬೇಕಾದವಳು ಅವಳು. ನಾನು ಅವಳ ಹತ್ತಿರ ಹೋಗಿ ನಿಂತರೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ನನ್ನ ಮನಸ್ಸಿನಲ್ಲೂ ಅವಳು ಸುಳ್ಳು ಹೇಳಿದವಳೇ ಆಗಿದ್ದಳು. ಕಾಗದವನ್ನು ನನ್ನ ಕಣ್ಣಾರೆ ಓದಿದ್ದೆನಲ್ಲ.

ಪಿಯುಸಿ ಆಯಿತು, ಶಿಕ್ಷಕರ ತರಬೇತಿ ಆಯಿತು, ರಾಯಬಾಗ ತಾಲೂಕಿನಲ್ಲಿ ಮುಗಳಖೋಡದ ಹತ್ತಿರದ ಒಂದು ಊರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು. ಅಲ್ಲಿಯೇ ಒಂದು ಖೋಲಿ ಹಿಡಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬರುತ್ತಿದ್ದೆ. ತಿದ್ದುವ ಚಟ ಇದ್ದವಳಿಗೆ ತಿದ್ದುವುದೇ ಕೆಲಸವಾಗಿ ಸಿಕ್ಕಿದ್ದು ನನ್ನ ಪುಣ್ಯ ಎಂದು ಅವ್ವ ಹಾಸ್ಯ ಮಾಡುತ್ತಿದ್ದಳು.

ಅದು ನೌಕರಿಯ ಎರಡನೆಯ ವರ್ಷದ ಜೂನ್ ತಿಂಗಳು. ಮೇಲಿನ ತರಗತಿಯ ಗಣಿತದ ಗುರುಗಳು ರಜೆಯಲ್ಲಿದ್ದರು, ನನ್ನನ್ನು ಕಳಿಸಿದರು. ಪಾಠ ಕ್ಷೇತ್ರಫಲದ್ದು. ಪುಸ್ತಕ ನೋಡಿ ಹಲಗೆಯ ಮೇಲೆ ಬರೆಯುತ್ತ ಹೋದೆ: ನೂರು ಚದರ ಮೀಟರ್ ಅಂದರೆ ಒಂದು ಆರ್. ನೂರು ಆರ್ ಅಂದರೆ ಒಂದು ಹೆಕ್ಟೇರ್. ಮಕ್ಕಳಿಗೆ ಚೊಕ್ಕವಾಗಿ ಅರ್ಥವಾಗಲಿ ಎಂದು, ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲದ ಒಂದು ಚೌಕ ಬರೆದು, ಒಂದು ಆರ್ ಅಂದರೆ ಇಷ್ಟು ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ರೈತನ ಮಗಳು, "ಬಾಯಾರ, ಹಂಗಾರ ಅದು ಗುಂಟೆದಷ್ಟ ಆತಲ್ರಿ" ಎಂದಳು.

ಗುಂಟೆ ಬೇರೆ ಎಂದು ತಿದ್ದಲು ಬಾಯಿ ತೆರೆದೆ. ತೆರೆದದ್ದು ಹಾಗೆಯೇ ಉಳಿಯಿತು. ಗುಂಟೆ ಅಂದರೆ ಮೂವತ್ಮೂರು ಫೂಟು ಉದ್ದ, ಮೂವತ್ಮೂರು ಫೂಟು ಅಗಲ. ಹೊಲ ಅಳೆಯುವ ಸರಪಳಿಯೇ ಅಷ್ಟುದ್ದ. ಒಕ್ಕಲಿಗರ ಮನೆಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಕಲಿಸಬೇಕಾಗಿಲ್ಲ. ಮೂವತ್ಮೂರು ಫೂಟು ಅಂದರೆ ಹತ್ತು ಮೀಟರಿಗೆ ಮೂರು ಬೆರಳು ಹೆಚ್ಚು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಆರ್ ಮತ್ತು ಗುಂಟೆ ಹೆಚ್ಚುಕಡಿಮೆ ಒಂದೇ. ನಲವತ್ತು ಕೂಡಿದರೆ ಎಕರೆ, ನೂರು ಕೂಡಿದರೆ ಹೆಕ್ಟೇರು.

ಹೇ. ಆರ. ಎಂದರೆ ಏನೆಂದು ನನಗೆ ಆ ಹಲಗೆಯ ಮುಂದೆ ತಿಳಿಯಿತು. ಆಚೆಯ ದಂಡೆಯಲ್ಲಿ ಉತಾರವನ್ನು ಹೆಕ್ಟೇರಿನಲ್ಲಿ ಬರೆಯುತ್ತಿದ್ದರು, ನಮ್ಮ ದಂಡೆಯಲ್ಲಿ ಎಕರೆಯಲ್ಲಿ. ಬಾಯಿಮಾತಿನಲ್ಲಿ ಎರಡೂ ಕಡೆ ಎಕರೆ ಎಂದೇ ಅನ್ನುತ್ತಿದ್ದರು. ಸೀಮೆಸುಣ್ಣ ಹಿಡಿದು ಹಲಗೆಯ ಮೂಲೆಯಲ್ಲಿ ಬರೆದೆ: ಎರಡು ಹೆಕ್ಟೇರು ಹತ್ತು ಆರ್, ಅಂದರೆ ಇನ್ನೂರ ಹತ್ತು ಆರ್. ಅದನ್ನು ನಲವತ್ತರಿಂದ ಭಾಗಿಸಿದೆ. ಐದು ಎಕರೆ ಬಂತು, ಮೇಲೆ ಹತ್ತು ಉಳಿಯಿತು. ಆ ಮೂರು ಬೆರಳಿನ ವ್ಯತ್ಯಾಸ ಕಳೆದರೂ ಏಳು ಗುಂಟೆಗೆ ಮೋಸವಿರಲಿಲ್ಲ. ಐದು ಎಕರೆಗೆ ಸ್ವಲ್ಪ ಮೇಲೆ. ಓದು ಬಾರದ ಅತ್ತೆ ಬಾಯಿಂದ ಹೇಳಿದ್ದೂ ಅಷ್ಟೇ. ಹಿಂತಿರುಗಿ ನೋಡಿದರೆ ಮಕ್ಕಳೆಲ್ಲ ಅದೂ ಪಾಠವೆಂದು ತಿಳಿದು ತಮ್ಮ ವಹಿಯಲ್ಲಿ ಚೆಂದಾಗಿ ಇಳಿಸಿಕೊಳ್ಳುತ್ತಿದ್ದರು. ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

ಮನೆಯಲ್ಲಿ ಮೀಟರಿನ ವಕೀಲಿ ಮಾಡಿದವಳು ನಾನು. ಇಡೀ ಜನ್ಮದಲ್ಲಿ ಮೀಟರು ನನ್ನ ಮನೆ ಬಾಗಿಲಿಗೆ ಒಂದೇ ಒಂದು ಸಲ ನಿಜವಾಗಿ ಬಂದಿತ್ತು, ಆಗ ನಾನು ಅದನ್ನು ಗುರುತಿಸದೆ ಎಕರೆ ಎಂದು ಕರೆದೆ. ಇದು ನೆನಪಾದಾಗ ನಗು ಬರಬೇಕು. ನನಗೆ ಆ ವಾರವಿಡೀ ಅನ್ನ ಇಳಿಯಲಿಲ್ಲ.

ಆ ಶನಿವಾರವೇ ಅಪ್ಪನಿಗೆ ಹೇಳಿದೆ ಎಂದು ಬರೆಯಲು ಆಸೆ. ಹೇಳಲಿಲ್ಲ. ಮೂರು ಶನಿವಾರ ಬಂದೆ, ಉಂಡೆ, ಮಲಗಿದೆ, ಸೋಮವಾರ ಮುಂಜಾನೆಯ ಬಸ್ಸಿಗೆ ಹೋದೆ. ಅಪ್ಪ ಬಯ್ಯುತ್ತಾನೆ ಎಂಬ ಹೆದರಿಕೆ ಅಲ್ಲ. ಫಸ್ಟ್ ಕ್ಲಾಸ್ ಮಗಳು ಎಂಬುದು ಅವನ ಕಣ್ಣಿಂದ ಇಳಿದುಹೋಗುತ್ತದೆ ಎಂಬ ಹೆದರಿಕೆ. ಏಳು ಪಂಚಮಿ ಆಗಿಹೋಗಿವೆ, ಇನ್ನು ಹೇಳಿ ಏನು ಎಂದೂ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ಎಂಟನೆಯದು ಹತ್ತಿರ ಬರುತ್ತಿತ್ತು. ನಾಲ್ಕನೆಯ ವಾರ ಅವ್ವ ಉಂಡಿಗೆಂದು ಶೇಂಗಾ ಒಡೆಯಲು ಕೂತಿದ್ದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

ಭಾನುವಾರ ಮುಂಜಾನೆ ಅಪ್ಪ ಕಟ್ಟೆಯ ಮೇಲೆ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಅವನ ಮುಂದೆ ನೆಲದಲ್ಲಿ ಎರಡು ಚೌಕ ಬರೆದೆ, ಒಂದು ಗುಂಟೆಯದು, ಒಂದು ಆರಿನದು. ಪಾಠ ಮಾಡಿದ ಹಾಗೆ ಮೊದಲಿಂದ ಹೇಳಿದೆ, ಕಣ್ಣು ನೆಲದ ಮೇಲೆಯೇ ಇಟ್ಟುಕೊಂಡು. ಅವನು ಹಗ್ಗ ಕೆಳಗಿಟ್ಟ. ಬೆರಳು ಮಡಚಿ ತಾನೇ ಇನ್ನೊಮ್ಮೆ ಎಣಿಸಿದ.

"ಅಂದ್ರ ಅಕಿ ಹೇಳಿದ್ದ ಖರೇ" ಎಂದ.

"ಹೂಂ ಅಪ್ಪಾ. ಆ ಎರಡ ಅಕ್ಷರ ನಾ ಅವತ್ತ ನೋಡಿದ್ನಿ. ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಆತು."

ಬೈಗುಳ ಬರುತ್ತದೆ ಎಂದು ಕಾದೆ. ಅವನು ಹೊಸೆದ ಹಗ್ಗವನ್ನು ಗೂಟಕ್ಕೆ ಸುತ್ತಿಟ್ಟು, ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದು, "ನಡಿ" ಎಂದ. ಅವ್ವ ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅಂಗಳ ದಾಟಿದ್ದ. ಅವಳಿಗೆ ತಿಳಿಯಿತು, ಒಡೆದ ಶೇಂಗಾವನ್ನೇ ಒಂದು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಅತ್ತೆಯ ಕಾಲು ಹಿಡಿಯಬೇಕು, ತಪ್ಪು ನನ್ನದು ಎಂದು ಹೇಳಬೇಕು, ಅಪ್ಪನ ಮೇಲೆ ಸಿಟ್ಟು ಮಾಡಬೇಡ ಎನ್ನಬೇಕು ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನದಿಯ ಸೇತುವೆ ದಾಟುವಾಗ ಅಪ್ಪ ರುಮಾಲು ಬಿಚ್ಚಿ ಮತ್ತೆ ಕಟ್ಟಿದ.

ಅತ್ತೆ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನಮ್ಮಿಬ್ಬರನ್ನು ನೋಡಿ ಅವಳ ಕೈ ನಿಂತಿತು. ಏಳು ವರ್ಷದ ಮೇಲೆ ಅಣ್ಣ ಹೇಳದೆ ಕೇಳದೆ ಬಂದಿದ್ದಾನೆ ಎಂದರೆ ಅವಳಿಗೆ ಹೊಳೆದದ್ದು ಒಂದೇ. "ವೈನಿ ಅರಾಮ ಅದಾಳಿಲ್ಲ?" ಎಂದು ಕೇಳಿದಳು. ಅವ್ವ ಆರಾಮಾಗಿದ್ದಾಳೆ ಎಂದು ನಾನು ಹೇಳಿದ ಮೇಲೆ ಮೊರ ಕೆಳಗಿಟ್ಟು, ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದಳು. ಮಾವ ಮತ್ತು ಮಕ್ಕಳು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ.

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದ. ನಾನೇ ಹೇಳಿದೆ. ಹೆಕ್ಟೇರು, ಆರ್, ಗುಂಟೆ ಎಲ್ಲ ಹೇಳಿದೆ. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಲಸಿಹೋದವು, ಕೊನೆಗೆ ಅಳು ಬಂತು. ಅತ್ತೆ ನನ್ನ ತಲೆಯನ್ನು ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು.

"ಹುಚ್ಚಿ. ನಿಂದೇನ ಐತಿ ಇದರಾಗ" ಎಂದಳು.

ಆಗ ಅಪ್ಪ ಬಾಯಿ ತೆರೆದ. "ಹುಡುಗಿ ಓದೂದ್ರಾಗ ತಪ್ಪ ಆಗಿತ್ತು. ನೀ ಹೇಳಿದ್ದ ಖರೇ ಇತ್ತು. ಐದ ಎಕರೆನ ಇತ್ತು" ಎಂದ. ಅವನು ಬಂದದ್ದು ಇದನ್ನು ಹೇಳಲು, ಹೇಳಿ ಮುಗಿಸಿದ್ದ. ಉಸಿರು ಬಿಟ್ಟ.

ಅತ್ತೆ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಐದ ಎಕರೆ ಇತ್ತ ಅಂತ ನಂಗ ಗೊತ್ತಿತ್ತ ಅಣ್ಣಾ. ಅದನ್ನ ಹೇಳಾಕ ನೀ ಇಷ್ಟ ದೂರ ಬರಬೇಕಾಗಿದ್ದಿಲ್ಲ. ನಮ್ಮವರ ಮುಂದ ನಾ ನೀ ಅಂದಿದ್ದ ಒಂದೂ ಹೇಳಿಲ್ಲ. ಜಾತಕ ಕೂಡಲಿಲ್ಲ ಅಂತ ಹೇಳೇನಿ. ವರ್ಷಾ ಪಂಚಮಿಗೆ, ಅಣ್ಣ ಯಾಕ ಬರಲಿಲ್ಲ ಅಂತ ಕೇಳತಾರ. ಒಂದ ವರ್ಷ ಕಬ್ಬಿಗೆ ನೀರ ಐತಿ ಅಂದ್ನಿ, ಒಂದ ವರ್ಷ ಮೈ ಅರಾಮಿಲ್ಲ ಅಂದ್ನಿ. ನಿನ್ನ ಸಲವಾಗಿ ಏಳ ವರ್ಷ ಸುಳ್ಳ ಹೇಳೇನಿ ನೋಡ."

ಇದಕ್ಕಾಗಿಯೇ ಆ ತಪ್ಪು ಅಷ್ಟು ವರ್ಷ ಬದುಕಿತ್ತು ಎಂದು ನನಗೆ ಆಗ ತಿಳಿಯಿತು. ಅವಳು ತನ್ನ ಗಂಡನಿಗೆ ಒಂದು ಮಾತು ಹೇಳಿದ್ದರೆ ಅವನು ಒಂದು ನಿಮಿಷದಲ್ಲಿ ಹೆಕ್ಟೇರಿನ ಗಂಟು ಬಿಚ್ಚುತ್ತಿದ್ದ. ಹೇಳಿದ್ದರೆ ಅಣ್ಣನ ಮರ್ಯಾದೆ ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ.

"ಈಗ ಒಂದ ಮಾತ ಹೇಳ" ಎಂದಳು ಅತ್ತೆ. "ಅವತ್ತ ಎರಡ ಎಕರೆನ ಇತ್ತು ಅಂತ ತಿಳಿ. ನಾ ಸುಳ್ಳನ ಹೇಳಿದ್ನಿ ಅಂತ ತಿಳಿ. ಹಂಗಿದ್ರ ನೀ ಇವತ್ತ ಬರತಿದ್ದಿಲ್ಲೇನು?"

ನಾನು ತಲೆ ಎತ್ತಿ ಅಪ್ಪನ ಕಡೆ ನೋಡಿದೆ. ಮೂರು ವಾರ ನಾನು ನುಂಗಿಕೊಂಡು ತಿರುಗಿದ ತಪ್ಪನ್ನು ಅವಳು ನನ್ನಿಂದ ಅಷ್ಟು ಸುಲಭವಾಗಿ ತೆಗೆದು ಬದಿಗಿಟ್ಟದ್ದು ಏಕೆ ಎಂದು ಈಗ ಅರ್ಥವಾಯಿತು. ಅವಳ ಲೆಕ್ಕದಲ್ಲಿ ಅದು ಮೊದಲಿಂದಲೂ ಇರಲೇ ಇಲ್ಲ. ಐದಿದ್ದರೂ ಎರಡಿದ್ದರೂ ಅವಳಿಗೆ ಬೇಕಾದದ್ದು ಬೇರೆ. ನಾವು ಅವಳಿಗೆ ಬರೀ ಹೊಲ ವಾಪಸು ತಂದಿದ್ದೆವು.

ಅಪ್ಪ ಚಾಪೆಯ ಎಳೆ ಕೀಳತೊಡಗಿದ. ಮನೆಯ ಹಿಂದೆ ಯಾರೋ ಕೊಡಪಾನಕ್ಕೆ ನೀರು ಹಿಡಿಯುತ್ತಿದ್ದರು, ಅದು ತುಂಬುವ ಸದ್ದು ಕೇಳುತ್ತಿತ್ತು. ಕೊನೆಗೆ ಅವನು ತಂಗಿಯ ಮುಖ ನೋಡಿದ.

"ಸುಳ್ಳ ಹೇಳಿದ್ರೂ ಕರೀಬೇಕಾಗಿತ್ತು" ಎಂದ.

ಅವಳು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ನಾನು ತಂದಿದ್ದ ಶೇಂಗಾದ ಗಂಟನ್ನು ಒಳಗೆ ಒಯ್ದು ಒಲೆಗೆ ಬೆಂಕಿ ಮಾಡಿದಳು. ನಮಗೆ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ಅಪ್ಪ ತಲೆ ಬಗ್ಗಿಸಿ ಉಂಡ. ಎರಡನೆಯ ರೊಟ್ಟಿ ಬೇಡ ಎಂದರೂ ಕೇಳದೆ ಹಾಕಿದಳು.

ಹೊರಡುವಾಗ ಬಾಗಿಲವರೆಗೆ ಬಂದಳು. ಪಂಚಮಿ ಇನ್ನು ಮೂರು ವಾರ ಇತ್ತು. ನಾನು ಅವಳ ಕೈ ಹಿಡಿದು, ನನಗೆ ರಜೆ ಇದೆ, ಹಬ್ಬಕ್ಕೆ ಕರೆಯಲು ನಾನೇ ಬರುತ್ತೇನೆ ಎಂದೆ. ನನ್ನ ಪ್ರಾಯಶ್ಚಿತ್ತ ಅಷ್ಟಾದರೂ ಆಗಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಆಗಲೇ ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟುತ್ತಿದ್ದ ಅಪ್ಪನಿಗೆ ಕೇಳುವಂತೆ ಹೇಳಿದಳು:

"ನೀ ಬಂದ್ರ ನಾ ಬರಂಗಿಲ್ಲ ಬಾಳಾ. ನಿನ್ನ ಅಪ್ಪ ಬರಲಿ."